ತಪ್ಪಿಗೂ ಒಂದಿಷ್ಟು ಜಾಗ

2022ರ ಮೇ 17ರಂದು ಚಳ್ಳಕೆರೆಯ ಪರೀಕ್ಷಾ ಕ್ಷೇತ್ರದ ಮೇಲೆ, ಏಳೆಂಟು ಸಾವಿರ ಅಡಿ ಎತ್ತರದಲ್ಲಿ, ‘ಹಂಸ-ಎನ್‌ಜಿ’ ತರಬೇತಿ ವಿಮಾನದ ಎಂಜಿನ್ನನ್ನು ಪೈಲಟ್‌ಗಳು ಬೇಕೆಂದೇ ನಿಲ್ಲಿಸಿದರು. ಅದಕ್ಕೆ ಇರುವುದೇ ಒಂದು ಎಂಜಿನ್. ಆಕಾಶದಲ್ಲೇ ಅದು ಮತ್ತೆ ಶುರುವಾದೀತೇ, ಅಲ್ಲಿಯವರೆಗೆ ವಿಮಾನ ಅಂಕೆಯಲ್ಲಿದ್ದೀತೇ ಎಂದು ನೋಡಬೇಕಿತ್ತು. ಶುರುವಾಯಿತು. ಮುಂದೆಂದೋ ಕಲಿಯಲು ಬರುವ ಹುಡುಗನೋ ಹುಡುಗಿಯೋ ಎದುರಿಸಬಹುದಾದ ಗಂಡಾಂತರವನ್ನು ಬಲ್ಲವರು ಮೊದಲೇ ಮೈಮೇಲೆ ಎಳೆದುಕೊಂಡಿದ್ದರು.

ಬೆಂಗಳೂರಿನಲ್ಲಿ ಇಂಥ ವಿಮಾನ ಕಟ್ಟುವ ಕೆಲಸಕ್ಕೆ ಹಳೆಯ ಪರಂಪರೆಯಿದೆ. ವಿಮಾನ ವಿನ್ಯಾಸಕಾರ ವಿ. ಎಂ. ಘಾಟಗೆಯವರ ತಂಡದ ಎಚ್‌ಟಿ-2 ಹಾರಿದ್ದು 1951ರಲ್ಲಿ, ಪುಷ್ಪಕ್ 1958ರಲ್ಲಿ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ರೂಪಿಸಿದ ಎರಡು ಸೀಟಿನ ಹಂಸ-3ಕ್ಕೆ ಪ್ರಮಾಣಪತ್ರ ಸಿಕ್ಕಿದ್ದು 2000ದಲ್ಲಿ. ಅದರ ಹೊಸ ರೂಪವಾದ ಎನ್‌ಜಿ ಮೊದಲು ಹಾರಿದ್ದು 2021ರ ಸೆಪ್ಟೆಂಬರಿನಲ್ಲಿ. ಯುದ್ಧವಿಮಾನದ ಮುಂದೆ ಇವು ಬಡಪಾಯಿಗಳು, ಪತ್ರಿಕೆಗಳ ಮುಖಪುಟಕ್ಕೆ ಬರುವುದು ಅಪರೂಪ. ಆದರೆ ನನಗೆ ಇವುಗಳ ಮೇಲೇ ಗೌರವ ಹೆಚ್ಚು. ಏಕೆಂದರೆ ಇವನ್ನು ನಡೆಸುವವರು ತಪ್ಪುವುದು ಖಂಡಿತ ಎಂದು ಒಪ್ಪಿಕೊಂಡೇ ವಿನ್ಯಾಸಕಾರ ಗೆರೆ ಎಳೆಯಬೇಕು.

ಮೂತಿಯನ್ನು ಅತಿಯಾಗಿ ಮೇಲೆತ್ತಿದರೆ ವೇಗ ಕುಂದಿ, ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಅದೇ ಸ್ಟಾಲ್. ಇಂಥ ವಿಮಾನಗಳ ರೆಕ್ಕೆಯನ್ನು ಸಾಮಾನ್ಯವಾಗಿ ತುದಿಯ ಕಡೆಗೆ ತುಸು ಕೆಳಮುಖವಾಗಿ ತಿರುಚಿರುತ್ತಾರೆ. ಆಗ ಬುಡ ಮೊದಲು ಸೋಲುತ್ತದೆ, ತುದಿ ಇನ್ನೂ ಗಾಳಿಯನ್ನು ಹಿಡಿದಿರುತ್ತದೆ; ಅಲ್ಲಿರುವ, ವಿಮಾನವನ್ನು ಅಕ್ಕಪಕ್ಕ ವಾಲಿಸುವ ಏಲೆರಾನ್‌ಗಳು ಮಾತು ಕೇಳುತ್ತವೆ. ಸಾವರಿಸಿಕೊಳ್ಳಲು ಅಷ್ಟು ಸಮಯ ಸಾಕು. ಆ ತಿರುಚಿನಿಂದ ದಕ್ಷತೆ ಚೂರು ಕಡಿಮೆಯಾಗುತ್ತದೆ, ನಿಜ. ಕ್ಷಮೆಗೆ ತೆರುವ ಬೆಲೆ ಅದು, ತಪ್ಪು ಆಗುವ ಮೊದಲೇ ತೆತ್ತದ್ದು. ನಾವಾದರೋ ತಪ್ಪು ಆದ ಮೇಲಷ್ಟೇ ಕ್ಷಮಿಸಬೇಕೋ ಬೇಡವೋ ಎಂದು ಯೋಚಿಸಲು ಕೂರುತ್ತೇವೆ.

ಹಾಗೆಂದು ಎಲ್ಲವನ್ನೂ ನುಂಗಿಕೊಂಡರೆ ಕಲಿಕೆಯಿಲ್ಲ. ಸ್ಟಾಲ್ ಹತ್ತಿರವಾದಾಗ ವಿಮಾನ ಅದುರಬೇಕು, ಎಚ್ಚರಿಕೆ ಕೂಗಬೇಕು, ಕಲಿಯುವವರ ಎದೆ ಝಲ್ಲೆನ್ನಬೇಕು. ಗುರು ಪಕ್ಕದ ಸೀಟಿನಲ್ಲೇ ಇರುತ್ತಾರೆ, ಅವರ ಮುಂದೆಯೂ ಒಂದು ಸ್ಟಿಕ್ ಇರುತ್ತದೆ. ಕೂಡಲೇ ಅದಕ್ಕೆ ಕೈಹಾಕದಿರುವುದೇ ಅವರಿಗೆ ಕಷ್ಟದ ವಿದ್ಯೆ.

ಹೊಲದಲ್ಲೂ ಹೀಗೆಯೇ ಇತ್ತು. ನಮ್ಮೂರು ಬೆಳ್ಳಟ್ಟಿಯ ಕಡೆ ಹುಡುಗನನ್ನು ಮೊದಲ ಸಲ ಎಡೆ ಹೊಡೆಯಲು ಬಿಡುವಾಗ ಹಿರಿಯರು ಸಾಲು ಬಲ್ಲ ಹಳೆಯ ಜೋಡಿಯನ್ನೇ ಹೂಡಿ ಕೊಡುತ್ತಿದ್ದರು. ಆತ ತಪ್ಪಿದರೂ ಎತ್ತು ತಪ್ಪುತ್ತಿರಲಿಲ್ಲ. ಈಗ ಟ್ರ್ಯಾಕ್ಟರ್ ಬಂದಿದೆ. ಹುಡುಗನ ಕೈಯಲ್ಲಿ ಅದು ಪಲ್ಟಿಯಾದರೆ ಬೈಯಲು ಊರೇ ನೆರೆಯುತ್ತದೆ. ತುಂಬಿದ ಟ್ರೇಲರ್ ಎಳೆದುಕೊಂಡು ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇಳಿಯಬೇಕೆಂದು ಒಂದು ದಿನ ಅವನ ಪಕ್ಕದಲ್ಲಿದ್ದು ತೋರಿಸಿದವರು ಆ ಗುಂಪಿನಲ್ಲಿ ಎಷ್ಟು ಜನ ಇರುತ್ತಾರೆ?