ಸುಮ್ಮನಿರುವುದೂ ಮೋಸವೆ?

ಕಳವು, ವಂಚನೆ, ನಂಬಿಕೆದ್ರೋಹ - ಆಡುಮಾತಿನಲ್ಲಿ ಈ ಮೂರನ್ನೂ ನಾವು ‘ಮೋಸ’ ಎಂದುಬಿಡುತ್ತೇವೆ. ಕಾನೂನು ಹಾಗೆ ಬೆರೆಸುವುದಿಲ್ಲ. ಒಬ್ಬರ ವಶದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ ಅಪ್ರಾಮಾಣಿಕವಾಗಿ ಸಾಗಿಸಿದರೆ ಕಳವು. ಸುಳ್ಳು ನಂಬಿಸಿ ಅವರೇ ಕೈಯಾರೆ ಕೊಡುವಂತೆ ಮಾಡಿದರೆ ವಂಚನೆ. ನಂಬಿ ಒಪ್ಪಿಸಿದ್ದನ್ನು ನುಂಗಿದರೆ ನಂಬಿಕೆದ್ರೋಹ. 1860ರ ದಂಡಸಂಹಿತೆ ಹೋಗಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದರೂ ಈ ವಿಂಗಡಣೆ ಉಳಿದಿದೆ. 420ನೆಯ ಕಲಮು 318 ಆಗಿದೆ, ಅಷ್ಟೆ. ಜನರ ಬಾಯಲ್ಲಿ ಇನ್ನೂ ನಾನೂರಿಪ್ಪತ್ತೇ.

ಶಿಕ್ಷೆಯನ್ನು ನೋಡಿ. ಸಾಮಾನ್ಯ ಕಳವಿಗೆ 3 ವರ್ಷದವರೆಗೆ. ವಂಚಿಸಿ ಸ್ವತ್ತು ಪಡೆದರೆ 7ರವರೆಗೆ. ನನ್ನಂಥ ಬ್ಯಾಂಕಿನವನು ಒಪ್ಪಿಸಿದ ಹಣ ತಿಂದರೆ 10ರವರೆಗೆ, ಇಲ್ಲವೆ ಜೀವಾವಧಿ. ಊರಿನ ತೀರ್ಪು ಇದಕ್ಕೆ ತದ್ವಿರುದ್ಧ. ಕಳ್ಳತನವಾದ ಮನೆಗೆ ನಾಲ್ಕು ಜನ ಬಂದು ಮರುಗುತ್ತಾರೆ. ಮೋಸಹೋದವನಿಗೆ ಮಾತ್ರ ‘ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?’ ಎನ್ನುತ್ತಾರೆ. ಈ ವಿಷಯದಲ್ಲಿ ಊರಿಗಿಂತ ಕಾನೂನಿಗೇ ಹೆಚ್ಚು ಕರುಣೆಯಿದೆ ಎಂದು ನನ್ನ ಎಣಿಕೆ.

ಗಡಿಯವರಿಗೆ ಈ ಮಾತು ಹೆಚ್ಚು ತಾಗುತ್ತದೆ. ನಮ್ಮ ಆದೋನಿ ಸೀಮೆ 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಹೋಯಿತು. ನಿಮ್ಮ ಕಾಸರಗೋಡು 1956ರಲ್ಲಿ ಕೇರಳಕ್ಕೆ. ಮನೆಯ ಮಾತು ಒಂದು, ಕಾಗದದ ಮಾತು ಇನ್ನೊಂದು. ತೆಲುಗು ಲಿಪಿ ನಮ್ಮ ಲಿಪಿಗೆ ಒಡಹುಟ್ಟು. ನಂದವರಂನ ಕನ್ನಡದ ರೈತ ಅಕ್ಷರ ಕೂಡಿಸಿ ಓದಿಯಾನು, ಅರ್ಥ ಕೈಗೆ ಹತ್ತುವುದಿಲ್ಲ. ‘ಒಂದು ಸಾಕ್ಷಿ ಹಾಕಿಕೊಡು’ ಎಂದು ನೆಂಟ ಕರೆತರುತ್ತಾನೆ. ಕಾಗದದಲ್ಲಿರುವ ಪದ ‘ಹಾಮೀದಾರು’. ಹಾಗೆಂದರೆ ಸಾಕ್ಷಿಯಲ್ಲ, ಜಾಮೀನುದಾರ. ಸಾಲಗಾರ ತಪ್ಪಿದರೆ ಕಟ್ಟಬೇಕಾದವನು.

ಕನ್ನಡ ನಾಡಿನಿಂದಲೇ ಹೋದ ಒಂದು ದಾವೆಯಲ್ಲಿ ಸುಪ್ರೀಂ ಕೋರ್ಟು 1968ರಲ್ಲಿ ಒಂದು ಸೂಕ್ಷ್ಮವನ್ನು ಹೇಳಿದೆ. ಹೆಂಡತಿ ಗಂಡನಿಗೆ ಬರೆದುಕೊಟ್ಟ ದಾನಪತ್ರದ ತಕರಾರು ಅದು. ದಸ್ತಾವೇಜಿನ ಸ್ವರೂಪದ ಬಗ್ಗೆಯೇ ಮೋಸ ನಡೆದಿದ್ದರೆ ಅದು ಮೊದಲಿನಿಂದಲೇ ಶೂನ್ಯ. ಒಳಗಿನ ಒಕ್ಕಣೆಯ ಬಗ್ಗೆ ನಡೆದಿದ್ದರೆ, ಮೋಸಹೋದವರು ಬಂದು ರದ್ದು ಮಾಡಿಸುವ ತನಕ ಅದು ನಿಲ್ಲುತ್ತದೆ. ರದ್ದು ಮಾಡಿಸಲು ಮೋಸ ತಿಳಿದ ದಿನದಿಂದ 3 ವರ್ಷದ ವಾಯಿದೆ. ನಾಚಿಕೆಯಿಂದ ಬಾಯಿ ಮುಚ್ಚಿಕೊಂಡು ಕೂತವರ ವಾಯಿದೆ ಹಾಗೆಯೇ ಕಳೆದುಹೋಗುತ್ತದೆ.

ಇನ್ನು ಗೊತ್ತಿದ್ದೂ ಸುಮ್ಮನಿದ್ದವನ ಮಾತು. 1872ರ ಕರಾರು ಕಾಯಿದೆಯಲ್ಲಿ ಒಂದು ಕುದುರೆಯ ಉದಾಹರಣೆಯಿದೆ. ಊನವಿದೆಯೆಂದು ಬಲ್ಲವನು ಏನೂ ಹೇಳದೆ ಹರಾಜಿನಲ್ಲಿ ಮಾರಿದರೆ ವಂಚನೆಯಲ್ಲ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾದರೆ? ಆಗ ಹೇಳುವುದು ಅವನ ಕರ್ತವ್ಯ. ಜಾಮೀನಿನ ಮಟ್ಟಿಗಂತೂ ಕಾಯಿದೆ ಇನ್ನೂ ಬಿಗಿ: ಸಾಲ ಕೊಡುವವನು ಮುಖ್ಯ ಸಂಗತಿಯನ್ನು ಹೇಳದೆ ಮೌನವಾಗಿದ್ದು ಪಡೆದ ಜಾಮೀನು ಊರ್ಜಿತವಲ್ಲ. ಅಪ್ರಾಮಾಣಿಕವಾಗಿ ಸಂಗತಿ ಮುಚ್ಚಿಟ್ಟರೆ ದಂಡಸಂಹಿತೆಯ ಪ್ರಕಾರ ಅದೂ ವಂಚಿಸಿದಂತೆಯೇ. ‘ಅಪ್ರಾಮಾಣಿಕ’ ಎಂದರೆ ಒಬ್ಬರಿಗೆ ಅಕ್ರಮ ಲಾಭ, ಇಲ್ಲವೆ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ. ಲಾಭ ತನಗೇ ಆಗಬೇಕೆಂದಿಲ್ಲ. ‘ನಾನೇನು ತಿಂದೆನೆ?’ ಎಂಬ ಗುಮಾಸ್ತರ ಹಳೆಯ ಸಮಾಧಾನ ಇಲ್ಲಿ ನಡೆಯದು.

ಮೇಜಿನ ಈಚೆ ಕೂತವನಿಗೆ ಕಾಗದದ ಭಾಷೆ ಬರುತ್ತದೆ, ಆಚೆ ನಿಂತವನಿಗೆ ಬರುವುದಿಲ್ಲ. ಅವರಿಬ್ಬರು ಹರಾಜಿನ ಅಪರಿಚಿತರೋ, ತಂದೆ-ಮಗಳೋ? ಕೋರ್ಟು ಏನೆನ್ನುವುದೋ, ನನಗಂತೂ ಎರಡನೆಯದೇ ಸರಿಯೆನಿಸುತ್ತದೆ. ಓದಲು ಬಾರದವನು ಓದಬಲ್ಲವನ ಮುಖ ನೋಡಿಯೇ ಹೆಬ್ಬೆಟ್ಟು ಒತ್ತುವುದು. ‘ಅಣ್ಣಾ, ಇದು ಸಾಕ್ಷಿಯ ಜಾಗ ಅಲ್ಲ. ಅವರು ಕಟ್ಟದಿದ್ರೆ ನೀವು ಕಟ್ಟಬೇಕಾಗ್ತದೆ’ ಎಂದು ಕನ್ನಡದಲ್ಲಿ ಹೇಳಲು ಅರ್ಧ ನಿಮಿಷ ಸಾಕು. ಕೆಲವರು ಕೇಳಿಯೂ ಒತ್ತುತ್ತಾರೆ. ಅದು ಅವರ ಒಪ್ಪಿಗೆ. ಕೆಲವರು ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ ಹೊರಟುಬಿಡುತ್ತಾರೆ, ಕರೆತಂದ ನೆಂಟ ಗುಮಾಸ್ತನನ್ನು ದುರುಗುಟ್ಟಿಕೊಂಡು ನೋಡುತ್ತಾನೆ.