ಯಂತ್ರದ ಸಹನೆ, ತಾಯಿಯ ಸಹನೆ
ಮಕ್ಕಳಿಗೆ ಸ್ಪೆಲ್ಲಿಂಗ್ ಕಲಿಸುವ ಮಾತಿನ ಆಟಿಕೆಗಳು ಹೊಸತೇನಲ್ಲ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1978ರಲ್ಲಿಯೇ ‘ಸ್ಪೀಕ್ ಆಂಡ್ ಸ್ಪೆಲ್’ ಎಂಬುದನ್ನು ಹೊರತಂದಿತು. ಅದು ಪದವನ್ನು ನುಡಿಯುತ್ತಿತ್ತು, ಮಗು ಅಕ್ಷರಗಳ ಗುಂಡಿ ಒತ್ತಬೇಕಿತ್ತು.

ಇಂಗ್ಲಿಷಿನಲ್ಲಿ ನುಡಿದಂತೆ ಬರೆಯಲಾಗದು. ‘ನೈಫ್’ ಎಂದು ಬರೆಯಲು ಕಿವಿಗೆ ಕೇಳಿಸದ ‘ಕೆ’ ಬೇಕು. ನಮ್ಮ ಕಾಗುಣಿತ ಬಲ್ಲ ಜೇವರ್ಗಿಯ ತಾಯಿಗೂ ಇದು ಒಗಟೇ. ಆಕೆ ಇಂಥ ಆಟಿಕೆಯನ್ನು ಕೊಂಡರೆ ಅದನ್ನು ಆಡಂಬರವೆನ್ನಲು ನನಗೆ ಮನಸ್ಸಾಗದು. ಗದರದೆ ನೂರು ಸಲ ತಿದ್ದುವ ಗುಣ ನಮ್ಮಲ್ಲಿ ಎಷ್ಟು ಮಂದಿಗಿದೆ?

ಆದರೆ ದಣಿವನ್ನೇ ಅರಿಯದ ಯಂತ್ರಕ್ಕೆ ಸಹನೆಯ ಅಗತ್ಯವೆಲ್ಲಿ? ತೊಗರಿ ಹೊಲದಿಂದ ದಣಿದು ಬಂದ ತಾಯಿ ಮಗುವಿನ ಪಕ್ಕದಲ್ಲಿ ಕುಳಿತು, “ಇದು ಯಾವ ಅಕ್ಷರ ಅದ? ನನಗೂ ಹೇಳಿಕೊಡು” ಎನ್ನಲಿ. ಆಕೆ ಎರಡು ಸಲ ತಪ್ಪಿದರೆ, ಕಾಯುವ ಸರದಿ ಮಗುವಿನದು.