ನನ್ನ ಕಥೆಯಲ್ಲಿರುವ ಇತರರು

ತನ್ನ ಬದುಕಿನ ಕಥೆಯನ್ನು ತಾನೇ ಬರೆದು ನಾಲ್ವರ ಮುಂದಿಡಬೇಕೆಂಬ ಆಸೆ ಯಾರ ಮನದಲ್ಲಿ ಒಮ್ಮೆಯಾದರೂ ಮೂಡುವುದಿಲ್ಲ? ಇಂದು ಅದಕ್ಕೆ ಮುದ್ರಣಾಲಯವೂ ಬೇಕಿಲ್ಲ. ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು. ಕಳೆದ ತಪಸ್ಸುಕಾಲದಲ್ಲಿ ನಾನೂ ಅಂಥದೊಂದು ಬರಹಕ್ಕೆ ಕೈಹಚ್ಚಿದೆ. ಮೊದಲ ಪುಟ ಮುಗಿಯುವಷ್ಟರಲ್ಲಿ ನನ್ನ ಕಥೆಯೊಳಗೆ ಅಣ್ಣ ಬಂದಿದ್ದ. ಜಮೀನು ಪಾಲಾದ ದಿನ ಅವನಾಡಿದ ಮಾತೂ ಬಂದಿತ್ತು. ಬರೆದುದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಮನಸ್ಸು ಕೇಳಿತು: ಇದನ್ನು ಊರಿಗೆಲ್ಲ ಸಾರುವ ಹಕ್ಕು ನಿನಗುಂಟೇ?

ಉತ್ತರ ಆಫ್ರಿಕಾದ ಹಿಪ್ಪೋ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಅಗಸ್ಟೀನರು ಕ್ರಿ.ಶ. 400ರ ಸುಮಾರಿಗೆ 13 ಭಾಗಗಳಲ್ಲಿ ತಮ್ಮ ಪಾಪನಿವೇದನೆಯನ್ನು ಬರೆದರು. ತಮ್ಮ ವಿಷಯದಲ್ಲಿ ಅವರಿಗೆ ಮುಚ್ಚುಮರೆಯಿಲ್ಲ. 16ರ ಪ್ರಾಯದಲ್ಲಿ, ಹಸಿವಿಗಾಗಿ ಅಲ್ಲ, ಕದಿಯುವ ಸುಖಕ್ಕಾಗಿಯೇ ಗೆಳೆಯರೊಡನೆ ಪೇರ್ ಹಣ್ಣು ಕದ್ದುದನ್ನು ಪುಟಗಟ್ಟಲೆ ವಿಚಾರಿಸುತ್ತಾರೆ. ಆದರೆ ಬಹುವರ್ಷ ತಮ್ಮೊಡನೆ ಬಾಳಿದ, ಮಗ ಅದೆಯೊದಾತುಸ್‌ನ ತಾಯಿಯಾದ ಹೆಂಗಸಿನ ಹೆಸರನ್ನು ಅವರು ಎಲ್ಲಿಯೂ ಬರೆಯಲಿಲ್ಲ. ಅವಳನ್ನು ದೂರಮಾಡಿದ ಪ್ರಸಂಗದಲ್ಲಿ ಅವಳ ದೃಢತೆಯನ್ನೂ ತಮ್ಮ ದೌರ್ಬಲ್ಯವನ್ನೂ ಹೇಳುತ್ತಾರೆ. ದೋಷವನ್ನು ಅವಳ ಮೇಲೆ ಹೊರಿಸುವುದಿಲ್ಲ. ತಾಯಿಯ ಬಾಲ್ಯದ ತಪ್ಪನ್ನೂ ತಂದೆಯ ಕೋಪವನ್ನೂ ಮರೆಮಾಡಲಿಲ್ಲ, ನಿಜ. ಆದರೆ 9ನೆಯ ಭಾಗದ ಕೊನೆಯಲ್ಲಿ ಮೋನಿಕಾ ಮತ್ತು ಪಾತ್ರೀಸಿಯುಸ್ ಎಂಬ ಹೆಸರುಗಳನ್ನು ಬರೆದದ್ದು, ಓದುವವರು ಬಲಿಪೀಠದ ಮುಂದೆ ಅವರನ್ನು ನೆನೆಯಲೆಂದು.

1992ರಲ್ಲಿ ಹೊರಬಂದ ಕಥೋಲಿಕ ಧರ್ಮೋಪದೇಶ ಗ್ರಂಥ ಎಂಟನೆಯ ಆಜ್ಞೆಯನ್ನು ವಿವರಿಸುವಾಗ ಸುಳ್ಳಿನ ಬಳಿಗೇ ನಿಲ್ಲುವುದಿಲ್ಲ. ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ನಿಜವಾದ ದೋಷವನ್ನು ಅರಿಯದವರ ಮುಂದೆ ಬಯಲು ಮಾಡುವುದೂ ತಪ್ಪೆನ್ನುತ್ತದೆ. ದೌರ್ಜನ್ಯಕ್ಕೆ ಸಿಲುಕಿದವರು ರಕ್ಷಣೆಗಾಗಿ, ನ್ಯಾಯಕ್ಕಾಗಿ ಬಾಯಿಬಿಡುವುದು ಬೇರೆ ಮಾತು. ಅಲ್ಲಿ ಮೌನವೇ ಅಪರಾಧವಾದೀತು. ನನ್ನದು ಅಂಥ ಕಾರಣವಾಗಿರಲಿಲ್ಲ. ಓದಿದವರು ನನ್ನ ಪಕ್ಷ ವಹಿಸಲಿ ಎಂಬುದಷ್ಟೇ ನನ್ನ ಒಳಗಿನ ಆಸೆ.

ಸೋದರನು ತಪ್ಪು ಮಾಡಿದರೆ, ಇಬ್ಬರೇ ಇರುವಾಗ ಅದನ್ನು ಅವನಿಗೆ ತಿಳಿಸಬೇಕೆಂದು ಪ್ರಭು ಯೇಸು ಬೋಧಿಸಿದರು (ಮತ್ತಾಯ 18:15). ನಾನು ಆ ಮೆಟ್ಟಿಲನ್ನು ಹತ್ತದೆಯೇ ಊರಿನ ಮುಂದೆ ನಿಲ್ಲಲು ಹೊರಟಿದ್ದೆ. ಅಣ್ಣನ ಮಾತನ್ನು ಅಳಿಸಿದೆ. ಆ ದಿನ ನಾನು ಅವನಿಗೆ ಕೊಟ್ಟ ಉತ್ತರವನ್ನು ಅಲ್ಲಿ ಬರೆಯಲು ನೋಡಿದೆ, ಕೈ ತಡೆಯಿತು. ನನ್ನ ಕಥೆ ಆರಂಭವಾಗಬೇಕಾದದ್ದು ಆ ಸಾಲಿನಿಂದಲೇ. ಅದರ ಮೊದಲ ಓದುಗ ಅಣ್ಣನೇ ಆಗಲಿ.